ಎದ್ದು ನಿಲ್ಲದ ಹುಡುಗಿ

ನಮ್ಮೂರು ಮೊಸಳೆ. ಹಾಸನದಿಂದ ಹೊಳೆನರಸೀಪುರದ ದಿಕ್ಕಿಗೆ ಹತ್ತು ಹನ್ನೆರಡು ಕಿಲೋಮೀಟರು. ಹೆಸರು ಕೇಳಿದ ಹೊಸಬರು, 'ಊರ ಕೆರೆಯಲ್ಲಿ ಮೊಸಳೆ ಇದೆಯೇ?' ಎಂದು ಕೇಳುವುದುಂಟು. ಮೊಸಳೆ ಇಲ್ಲ, ಹೊಯ್ಸಳರ ಕಾಲದ ಎರಡು ಗುಡಿಗಳಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಒಂದೇ ಅಳತೆ, ಒಂದೇ ವಿನ್ಯಾಸ, ನಡುವೆ ಕೆಲವೇ ಅಡಿಗಳ ಅಂತರ. ಶಿವನಿಗೆ ಒಂದು ಗೇಣು ಹೆಚ್ಚಿಲ್ಲ, ಕೇಶವನಿಗೆ ಒಂದು ಗೇಣು ಕಡಿಮೆಯಿಲ್ಲ. ಮೇಷ್ಟರಾಗಿದ್ದಾಗ ಮಕ್ಕಳನ್ನು ಹೊರಸಂಚಾರಕ್ಕೆ ಕರೆತಂದಾಗಲೆಲ್ಲ ನಾನು ಈ ಮಾತನ್ನು ತಪ್ಪದೆ ಹೇಳುತ್ತಿದ್ದೆ. ಹೇಳುವುದು ಸುಲಭ. ಕಲ್ಲಿನಲ್ಲಿ ಕಡೆದವನಿಗೆ ಸಾಧ್ಯವಾದದ್ದು ಹಾಜರಿ ಪುಸ್ತಕ ಹಿಡಿದ ನನಗೆ ಎಷ್ಟರಮಟ್ಟಿಗೆ ಸಾಧ್ಯವಾಯಿತು ಎಂಬುದು ಬೇರೆ ಪ್ರಶ್ನೆ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಕೆಲಸ ಅರ್ಜಿ ತುಂಬಿಸುವುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಜಗಲಿಯ ಮೇಲೆ ಅಪ್ಪಂದಿರು, ಮಕ್ಕಳು, ಅಂಕಪಟ್ಟಿಗಳು. ಅರ್ಜಿಗಳನ್ನೆಲ್ಲ ಈಗ ಕಂಪ್ಯೂಟರಿನಲ್ಲೇ ತುಂಬಬೇಕು. ಆದರೂ ಸೈಬರ್ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಬರೆಸಿಕೊಂಡು ಹೋದರೆ ಅವರಿಗೆ ಧೈರ್ಯ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪತ್ರ, ಕನ್ನಡ ಮಾಧ್ಯಮದ ಪತ್ರ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ.

ಕಳೆದ ಸಲ ಹಾಗೆ ಬಂದವರಲ್ಲಿ ಪಕ್ಕದ ಬೀದಿಯ ಒಬ್ಬ ರೈತ ಮತ್ತು ಅವನ ಮಗಳಿದ್ದರು. ಹುಡುಗಿಗೆ ಎಪ್ಪತ್ತರ ಮೇಲೆ ಅಂಕ ಬಂದಿತ್ತು. ಸರ್ಕಾರಿ ಐಟಿಐ ಸೇರಬೇಕೆಂಬ ಆಸೆ, ಅದರಲ್ಲೂ ಎಲೆಕ್ಟ್ರಿಷಿಯನ್. ವಿಚಾರಿಸಲೆಂದು ಹೋದ ಕಡೆಯಲ್ಲಿ ಯಾರೋ ಒಬ್ಬರು, 'ಹೆಣ್ಣುಮಕ್ಕಳಿಗೆ ಹೊಲಿಗೆ ಇದೆ, ಕಂಪ್ಯೂಟರ್ ಇದೆ. ಎಲೆಕ್ಟ್ರಿಷಿಯನ್ ತಗೊಂಡು ಕಂಬ ಹತ್ತೋಕಾಗುತ್ತಾ?' ಎಂದರಂತೆ.

'ಅವರೂ ಒಳ್ಳೇದಕ್ಕೇ ಹೇಳಿದ್ದು ಮೇಷ್ಟ್ರೇ' ಎಂದ ಅಪ್ಪ.

ಹುಡುಗಿ ಮಾತಾಡಲಿಲ್ಲ. ತಲೆ ತಗ್ಗಿಸಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆ ತಗ್ಗಿದ ತಲೆಯನ್ನು ನೋಡಿ ನನಗೆ ಮೂವತ್ತು ವರ್ಷಕ್ಕೂ ಹಿಂದಿನ ಇನ್ನೊಂದು ತಗ್ಗಿದ ತಲೆ ನೆನಪಾಯಿತು.

ಅದು ೧೯೯೧ನೇ ಇಸವಿ, ಜುಲೈ ತಿಂಗಳು. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್. ಸ್ಕಾಲರ್‌ಷಿಪ್ ಅರ್ಜಿಗಳನ್ನು ಎರಡು ದಿನದೊಳಗೆ ಕಳಿಸಬೇಕೆಂದು ಹೆಡ್‌ಮಾಸ್ಟರರು ಅವಸರ ಮಾಡಿದ್ದರು. ತರಗತಿಗೆ ಹೋದವನೇ, 'ಎಸ್ಸಿ, ಎಸ್ಟಿ ಹುಡುಗರು ಎದ್ದು ನಿಲ್ಲಿ' ಎಂದೆ. ನಾನು ಓದುವಾಗಲೂ ನಮ್ಮ ಮೇಷ್ಟ್ರು ಹಾಗೆಯೇ ಹೇಳುತ್ತಿದ್ದರು. ನನ್ನ ಪಟ್ಟಿಯಲ್ಲಿ ಒಂಬತ್ತು ಹೆಸರಿತ್ತು. ಎಂಟು ಮಕ್ಕಳು ಎದ್ದರು. ಒಬ್ಬಳು ಏಳಲಿಲ್ಲ. ಎರಡನೆಯ ಬೆಂಚಿನ ಹುಡುಗಿ. ತಲೆ ತಗ್ಗಿಸಿ ಬೆಂಚಿನ ಮೇಲಿದ್ದ ಕಾಂಪಾಸ್ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನಾನು ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. 'ನೀನೂ ಏಳವ್ವ, ನಿನ್ನ ಹೆಸರೂ ಇದೆ' ಎಂದೆ. ಇಡೀ ತರಗತಿ ಅವಳ ಕಡೆ ತಿರುಗಿತು. ಪಕ್ಕದಲ್ಲಿ ಕೂತಿದ್ದ ಇಬ್ಬರು ಗೆಳತಿಯರೂ ತಿರುಗಿದರು. ಅವಳು ಎದ್ದಳು.

ಮಾರನೆಯ ದಿನ ಅವಳು ಕೊನೆಯ ಬೆಂಚಿನಲ್ಲಿದ್ದಳು. ಮಧ್ಯಾಹ್ನ ಮೂವರೂ ಒಟ್ಟಿಗೆ ಬಿಚ್ಚುತ್ತಿದ್ದ ಬುತ್ತಿ ಎರಡು ಕಡೆಯಾಯಿತು. ಯಾರೂ ಅವಳನ್ನು ಬೈಯಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಬೆಂಚು ಬದಲಾಯಿತು, ಅಷ್ಟೇ. ಅರ್ಜಿಗೆ ತಂದೆಯ ಸಹಿ ಮಾಡಿಸಿಕೊಂಡು ಬಾ ಎಂದರೆ ತರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ ಬಂದರು. ಕಳೆ ಕೀಳುವ ಕೆಲಸದಿಂದ ನೇರವಾಗಿ ಬಂದಿದ್ದರು. ಕೈಯಲ್ಲಿ ಇನ್ನೂ ಮಣ್ಣಿತ್ತು.

'ಸರ್ಕಾರದ ದುಡ್ಡು ಕಣಮ್ಮ, ಬೇಡ ಅನ್ನಬಾರದು. ನಿನ್ನ ಮಗಳಿಗೆ ಬುದ್ಧಿ ಹೇಳು' ಎಂದೆ.

'ದುಡ್ಡು ಬೇಕು ಸೋಮಿ. ಎದ್ದು ನಿಲ್ಲೋದು ಬ್ಯಾಡ' ಎಂದರು ಆಕೆ.

ಬಿ.ಇಡಿ. ತರಬೇತಿಯಲ್ಲಿ ಮಕ್ಕಳ ಮನಶ್ಶಾಸ್ತ್ರದ ಮೇಲೆ ಇಡೀ ಒಂದು ಪತ್ರಿಕೆಯನ್ನೇ ಬರೆದು ಪಾಸಾದವನು ನಾನು. ಆ ತಾಯಿ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನನಗೆ ಅಲ್ಲಿ ಯಾರೂ ಕಲಿಸಿರಲಿಲ್ಲ. ಸರ್ಕಾರ ಕೊಡುವ ನೆರವು ಸರಿಯಾದದ್ದೇ, ಅದು ಅವಳ ಹಕ್ಕೇ. ಆದರೆ ಅದನ್ನು ನಾನು ಕೊಟ್ಟ ರೀತಿಯಲ್ಲಿ ಒಂದು ಕೈಯಿಂದ ಹಣ ಕೊಟ್ಟು ಇನ್ನೊಂದು ಕೈಯಿಂದ ಗೆಳತಿಯರನ್ನು ಕಿತ್ತುಕೊಂಡಿದ್ದೆ. ಅರ್ಜಿಗೆ ಅಲ್ಲೇ ಸಹಿ ಹಾಕಿಸಿಕೊಂಡು ಕಳಿಸಿದೆ. ಹಣ ಬಂತು. ಹುಡುಗಿ ಹತ್ತನೇ ತರಗತಿ ಮುಗಿಸಿ, ಪಾಸಾಗಿ, ಟಿ.ಸಿ. ತೆಗೆದುಕೊಂಡು ಹೋದಳು. ಎರಡನೆಯ ಬೆಂಚಿಗೆ ಮಾತ್ರ ಅವಳು ಮತ್ತೆ ಬರಲೇ ಇಲ್ಲ.

ಇದು ನಾನು ಮಾಡಿದ ತಪ್ಪು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಒಂಬತ್ತನೇ ತರಗತಿಯ ಹುಡುಗಿಗೆ ಮೇಷ್ಟರ ಮನಸ್ಸು ಕಾಣುವುದಿಲ್ಲ, ಮೇಷ್ಟರ ಮಾತು ಕೇಳಿಸುತ್ತದೆ.

ಆಮೇಲೆ ನಾನು ಮಾಡಿದ ಬದಲಾವಣೆಗಳು ಬಹಳ ಸಣ್ಣವು. ಸ್ಕಾಲರ್‌ಷಿಪ್ ವಿಷಯವಿದ್ದರೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಲೆಕ್ಕದ ಪುಸ್ತಕ ತೋರಿಸಲು ಕರೆದಂತೆ ಕರೆದು ಮಾತಾಡುತ್ತಿದ್ದೆ. ಬೆಂಚುಗಳನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದೆ. ಮುಂದಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ. ಕಸ ಗುಡಿಸುವ, ನೀರು ತರುವ ಸರದಿಯನ್ನು ಹಾಜರಿ ಸಂಖ್ಯೆಯ ಪ್ರಕಾರ ಗೋಡೆಗೆ ಅಂಟಿಸಿದೆ. ಒಂದರಿಂದ ನಲವತ್ತೆಂಟರವರೆಗೆ, ಗೌಡರ ಮಗನೂ ಬಂದ, ಶಾನುಭೋಗರ ಮೊಮ್ಮಗಳೂ ಬಂದಳು. ಮೊದಲ ವಾರ ಇಬ್ಬರು ಪೋಷಕರು ಬಂದು, 'ನಮ್ಮ ಹುಡುಗನ ಕೈಯಲ್ಲಿ ಪೊರಕೆ ಹಿಡಿಸ್ತೀರಾ?' ಎಂದು ಕೇಳಿದರು. 'ಹಾಜರಿ ಪುಸ್ತಕ ಹಿಡಿಸುತ್ತೆ, ನಾನಲ್ಲ' ಎಂದೆ. ನಕ್ಕರೋ ಬೈದುಕೊಂಡರೋ, ಹೋದರು. ನಿಯಮವೊಂದು ಗೋಡೆಯ ಮೇಲಿದ್ದರೆ ಮೇಷ್ಟರಿಗೆ ಎಷ್ಟು ಬಲ ಎಂಬುದು ನನಗೆ ಅಂದು ತಿಳಿಯಿತು.

ಹಾಗೆ ನೋಡಿದರೆ ನಮ್ಮ ಪರೀಕ್ಷೆಗಳು ಈ ಗುಟ್ಟನ್ನು ಎಂದೋ ಅರಿತಿವೆ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಿ ವಿದ್ಯಾರ್ಥಿ ತನ್ನ ಹೆಸರು ಬರೆಯುವಂತಿಲ್ಲ. ಮೌಲ್ಯಮಾಪಕನಿಗೆ ಅದು ಯಾರ ಮಗನದು, ಯಾವ ಕೇರಿಯದು ಎಂದು ತಿಳಿಯಬಾರದು. ಅಕ್ಷರ ದುಂಡಗಿದೆಯೋ ಇಲ್ಲವೋ ಅಷ್ಟೇ ಕಾಣಬೇಕು. ೧೯೯೪ರಲ್ಲಿ ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದೂ ಇದೇ ಜಾಡಿನಲ್ಲಿ. ಹಿಂದಿನ ವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಅದಾದ ಮೇಲೆ ಎಂಜಿನಿಯರಿಂಗ್, ಮೆಡಿಕಲ್ ಸೀಟು ಬಯಸುವ ಹಳ್ಳಿಯ ಹುಡುಗನೂ ಬೆಂಗಳೂರಿನ ಹುಡುಗನೂ ಒಂದೇ ಪರೀಕ್ಷೆ ಬರೆದು, ರ‍್ಯಾಂಕಿನ ಸರದಿಯಲ್ಲಿ ನಿಂತು ಸೀಟು ಆರಿಸಿಕೊಳ್ಳುವಂತಾಯಿತು. ಇಂದು ನಮ್ಮ ಪಕ್ಕದ ಮೊಸಳೆಹೊಸಹಳ್ಳಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಗೆ ಬರುವ ಮಕ್ಕಳ ಪೈಕಿ ಎಷ್ಟೋ ಮಂದಿಯ ತಂದೆತಾಯಿಗೆ ಶಿಫಾರಸು ಪತ್ರ ಕೊಡುವವರು ಯಾರೂ ಇಲ್ಲ. ಮಕ್ಕಳ ರ‍್ಯಾಂಕೇ ಅವರಿಗೆ ಶಿಫಾರಸು.

ಆದರೆ ಬಾಗಿಲು ತೆರೆದ ಮೇಲೂ ಒಳಗೆ ಎಲ್ಲಿ ಕೂರಿಸುತ್ತಾರೆ ಎಂಬುದು ಉಳಿದೇ ಇರುತ್ತದೆ. ಅಂಬೇಡ್ಕರರ ಬಾಲ್ಯವನ್ನು ನೆನೆಯಿರಿ. ಶಾಲೆ ಅವರನ್ನು ಸೇರಿಸಿಕೊಂಡಿತ್ತು. ಆದರೆ ಕೂರಲು ಮನೆಯಿಂದ ಗೋಣಿತಟ್ಟು ತರಬೇಕಿತ್ತು, ಸಂಜೆ ಅದನ್ನು ವಾಪಸ್ಸು ಒಯ್ಯಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ನಮ್ಮ ನಾಡಿನಲ್ಲೇ ಮಂಗಳೂರಿನ ಕುದ್ಮುಲ್ ರಂಗರಾಯರು ೧೮೯೨ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದದ್ದು ಬೇರೆ ಶಾಲೆಗಳು ಆ ಮಕ್ಕಳಿಗೆ ಮುಚ್ಚಿದ್ದರಿಂದ. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯದವರಿಗೆ ಓದಿನಲ್ಲೂ ನೌಕರಿಯಲ್ಲೂ ಪಾಲು ಸಿಗುವ ದಾರಿ ಅಲ್ಲಿಂದ ತೆರೆಯಿತು. ೧೯೭೨ರಲ್ಲಿ ನೇಮಕವಾದ ಹಾವನೂರು ಆಯೋಗ ೧೯೭೫ರಲ್ಲಿ ಕೊಟ್ಟ ವರದಿ ಅದೇ ದಾರಿಯ ಮುಂದಿನ ಮೈಲಿಗಲ್ಲು.

ಇಲ್ಲಿ ಪೋಷಕರು ನನ್ನನ್ನು ಕೇಳುವ ಒಂದು ಪ್ರಶ್ನೆಯನ್ನು ಬಚ್ಚಿಡಬಾರದು. 'ಮೇಷ್ಟ್ರೇ, ನಮ್ಮ ಹುಡುಗನಿಗೆ ಹೆಚ್ಚು ಅಂಕ ಬಂದಿದೆ, ಅವನಿಗೆ ಸೀಟಿಲ್ಲ. ಕಡಿಮೆ ಬಂದವನಿಗೆ ಇದೆ. ಇದೂ ತಾರತಮ್ಯ ಅಲ್ಲವೇ?' ಕೇಳುವವರ ನೋವು ಸುಳ್ಳಲ್ಲ. ಆದರೆ ನಾನು ಅವರಿಗೆ ನವೋದಯದ ಉದಾಹರಣೆ ಕೊಡುತ್ತೇನೆ. ಜವಾಹರ ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇಕಡಾ ೭೫ರಷ್ಟು ಸೀಟು ಹಳ್ಳಿ ಮಕ್ಕಳಿಗೆ ಮೀಸಲು. ಸಿಇಟಿಯಲ್ಲಿಯೂ ಗ್ರಾಮೀಣ ವ್ಯಾಸಂಗಕ್ಕೆ, ಕನ್ನಡ ಮಾಧ್ಯಮಕ್ಕೆ ಪಾಲಿದೆ. ಆ ಪಾಲು ಪಡೆಯುವಾಗ ಮೊಸಳೆಯಲ್ಲಿ ಯಾರೂ ಇದನ್ನು ಅನ್ಯಾಯ ಎನ್ನಲಿಲ್ಲ. ಹಳ್ಳಿ ಶಾಲೆಗೂ ಪೇಟೆ ಶಾಲೆಗೂ ಇರುವ ಅಂತರ ನಮಗೆ ಗೊತ್ತಿತ್ತು; ಅದನ್ನು ತುಂಬಿಕೊಡುವುದು ನ್ಯಾಯ ಎಂದು ಸುಮ್ಮನೆ ಒಪ್ಪಿಕೊಂಡೆವು. ಊರಿಗೂ ಪೇಟೆಗೂ ಇರುವ ಅಂತರ ಕಂಡ ಕಣ್ಣಿಗೆ ಬೀದಿಗೂ ಬೀದಿಗೂ ಇರುವ ಅಂತರ ಏಕೆ ಕಾಣಬಾರದು? ೧೯೫೧ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಹದಿನೈದನೇ ವಿಧಿಗೆ ನಾಲ್ಕನೇ ಉಪವಿಧಿ ಸೇರಿಸಿದ್ದು ಇಂಥ ಅಂತರ ತುಂಬುವುದಕ್ಕಾಗಿಯೇ. ಮುಂಚೆಯೇ ಪ್ರಕಟಿಸಿದ ನಿಯಮದಂತೆ ಪಾಲು ಹಂಚುವುದು ಬೇರೆ. ಸೇರಿದ ಮಗುವನ್ನು ಹೀಗೆಳೆಯುವುದು ಬೇರೆ.

ಹೀಗೆಳೆಯುವುದನ್ನು ಕಾನೂನು ಸ್ಪಷ್ಟವಾಗಿ ತಡೆದಿದೆ. ೧೯೫೫ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಶಾಲೆಗೆ, ವಿದ್ಯಾರ್ಥಿನಿಲಯಕ್ಕೆ ಸೇರಿಸಿಕೊಳ್ಳದಿರುವುದು ಅಪರಾಧ. ಸೇರಿಸಿಕೊಂಡ ಮೇಲೆ ಬೇರೆ ಮಾಡಿ ನಡೆಸಿಕೊಳ್ಳುವುದೂ ಅಪರಾಧ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ಅದರಡಿ ಕೇಂದ್ರ ಮಾಡಿದ ನಿಯಮಗಳನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ತರಗತಿ, ಮಧ್ಯಾಹ್ನದ ಊಟ, ಆಟದ ಮೈದಾನ, ಕುಡಿಯುವ ನೀರು, ಶೌಚಾಲಯ, ತರಗತಿ ಅಥವಾ ಶೌಚಾಲಯ ಶುಚಿ ಮಾಡುವ ಕೆಲಸ, ಈ ಯಾವ ಕಡೆಯೂ ಮಗುವನ್ನು ಬೇರ್ಪಡಿಸಬಾರದು ಎಂದು ಒಂದೊಂದನ್ನೂ ಹೆಸರಿಟ್ಟು ಬರೆದಿದ್ದಾರೆ. ಬರೆದವರು ಯಾರೋ ಶಾಲೆಯನ್ನು ಒಳಗಿನಿಂದ ಬಲ್ಲವರೇ ಇರಬೇಕು. ಎಲ್ಲೆಲ್ಲಿ ನೋವಾಗುತ್ತದೆ ಎಂಬುದು ಅವರಿಗೆ ಗೊತ್ತಿದೆ.

ಕಾನೂನಿದ್ದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಇಲ್ಲ. ೨೦೧೪ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಶಾಲೆಗೆ ದಲಿತ ಮಹಿಳೆಯೊಬ್ಬರು ಅಡುಗೆಯವರಾಗಿ ಬಂದರು. ಅವರು ಮಾಡಿದ ಊಟ ಬೇಡವೆಂದು ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತ ಹೋದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಲ್ಲಿ ತಾರತಮ್ಯ ಮಾಡಿದ್ದು ಇಲಾಖೆಯಲ್ಲ, ನಮ್ಮಂಥ ಪೋಷಕರು. ೨೦೨೩ರ ಡಿಸೆಂಬರಿನಲ್ಲಿ ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ್ದು ಬೆಳಕಿಗೆ ಬಂದು, ಸಂಬಂಧಪಟ್ಟವರ ಮೇಲೆ ಮೊಕದ್ದಮೆ ಹೂಡಲಾಯಿತು. ಬಡ ಮಕ್ಕಳಿಗೆಂದೇ ಸರ್ಕಾರ ಕಟ್ಟಿದ ವಸತಿ ಶಾಲೆ ಅದು.

ತಾರತಮ್ಯ ಜಾತಿಯದಷ್ಟೇ ಅಲ್ಲ. ನಾನಿದ್ದ ಇನ್ನೊಂದು ಶಾಲೆಯಲ್ಲಿ ಹತ್ತನೇ ತರಗತಿ ಮಹಡಿಯ ಮೇಲಿತ್ತು. ಕಾಲಿಗೆ ಪೋಲಿಯೋ ಆಗಿದ್ದ ಹುಡುಗನನ್ನು ಗೆಳೆಯರು ದಿನಾ ಹೊತ್ತೊಯ್ಯುತ್ತಿದ್ದರು. ನಾವು ಮೇಷ್ಟರುಗಳೆಲ್ಲ ಅದನ್ನು ಆದರ್ಶ ಸ್ನೇಹವೆಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದೆವು. ಒಂದು ದಿನ ಆ ಹುಡುಗ, 'ಸಾರ್, ಇವರು ಯಾರೂ ಬರದಿದ್ದ ದಿನ ನಾನು ಏನು ಮಾಡಲಿ?' ಎಂದು ಕೇಳಿದ. ತರಗತಿಯನ್ನು ಕೆಳಗೆ ತರಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮರುವಾರ ಎಂಟನೇ ತರಗತಿ ಮೇಲೆ ಹೋಯಿತು, ಹತ್ತನೆಯದು ಕೆಳಗೆ ಬಂತು. ಒಂದು ಪೈಸೆ ಖರ್ಚಾಗಲಿಲ್ಲ. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆ ಇಂದು ಇದನ್ನು ಶಾಲೆಯ ಹೊಣೆ ಎನ್ನುತ್ತದೆ. ನಾವು ಅದನ್ನು ಗೆಳೆಯರ ಹೆಗಲಿಗೆ ಹಾಕಿದ್ದೆವು.

ಇನ್ನು ಪೋಷಕರಿಗೆ ಒಂದೆರಡು ಮಾತು. ಮಗು ಇದ್ದಕ್ಕಿದ್ದಂತೆ ಬೆಂಚು ಬದಲಿಸಿದರೆ, ಬುತ್ತಿಯನ್ನು ಹಾಗೇ ವಾಪಸ್ಸು ತಂದರೆ, ಸ್ಕಾಲರ್‌ಷಿಪ್ ಬೇಡ ಎಂದರೆ ಗದರಬೇಡಿ, ಕೇಳಿ. ತಪ್ಪು ನಡೆದಿದೆ ಎನಿಸಿದರೆ ಮೊದಲು ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ. ಬಹಳಷ್ಟು ಸಲ ಅಲ್ಲೇ ಮುಗಿಯುತ್ತದೆ, ಏಕೆಂದರೆ ಬಹಳಷ್ಟು ತಪ್ಪುಗಳು ನನ್ನದರಂತೆ ರೂಢಿಯಿಂದ ಆದವು. ಮುಗಿಯದಿದ್ದರೆ ಬರೆದು ಕೊಡಿ. ತಾರೀಖು, ಸ್ಥಳ, ಆಡಿದ ಮಾತು, ಇದ್ದವರು, ಇಷ್ಟನ್ನು ಬರೆದು, ನಕಲಿನ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಶಾಲಾಭಿವೃದ್ಧಿ ಸಮಿತಿ ಇದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಮಗುವೇ ಕರೆ ಮಾಡಬಹುದಾದ ೧೦೯೮ ಸಹಾಯವಾಣಿ ಇದೆ. ಸೀಟು ಹಂಚಿಕೆಯಲ್ಲಿ ಅನುಮಾನವಿದ್ದರೆ ೨೦೦೫ರ ಮಾಹಿತಿ ಹಕ್ಕು ಕಾಯಿದೆಯಡಿ ಆಯ್ಕೆ ಪಟ್ಟಿ ಕೇಳಬಹುದು. ಬಾಯಿಮಾತಿನಲ್ಲಿ 'ನಿಮಗೆ ಬರಲ್ಲ' ಎಂದವರನ್ನು, 'ಇದನ್ನೇ ಬರೆದು ಕೊಡಿ ಸ್ವಾಮಿ' ಎಂದು ವಿನಯವಾಗಿ ಕೇಳಿ ನೋಡಿ. ಎಷ್ಟೋ ನಿರಾಕರಣೆಗಳು ಕಾಗದದ ಮೇಲೆ ಇಳಿಯುವುದೇ ಇಲ್ಲ.

ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕಿಂತ ಕಡಿಮೆ. ೧೯೯೧ರ ಆ ತರಗತಿಯಲ್ಲಿ ನನ್ನ ತಪ್ಪನ್ನು ಆ ದಿನವೇ ಅಳಿಸಬಲ್ಲವರು ಇಬ್ಬರೇ ಇದ್ದರು, ಅವಳ ಪಕ್ಕದ ಇಬ್ಬರು ಗೆಳತಿಯರು. ಮಾರನೆಯ ದಿನ ಬುತ್ತಿ ಹಿಡಿದು ಕೊನೆಯ ಬೆಂಚಿಗೆ ಹೋಗಿ ಕೂತಿದ್ದರೆ ಸಾಕಿತ್ತು. ಅವರಿಗೆ ಹದಿನಾಲ್ಕು ವರ್ಷ, ಅವರನ್ನು ದೂರಲಾರೆ. ಆದರೆ ನಿಮಗೆ ಅಂಥ ದಿನ ಬಂದರೆ ಬುತ್ತಿ ತೆಗೆದುಕೊಂಡು ಹೋಗಿ.

ಜಗಲಿಯ ಮೇಲೆ ಕೂತಿದ್ದ ಹುಡುಗಿಗೆ ಮರಳೋಣ. ಪ್ರವೇಶದ ವಿವರಗಳನ್ನು ತೆಗೆಸಿ ಅಪ್ಪನ ಎದುರಿಗೆ ಓದಿದೆ. ಎಲೆಕ್ಟ್ರಿಷಿಯನ್ ಎರಡು ವರ್ಷದ ತರಬೇತಿ. ಹುಡುಗಿಯರು ಸೇರಬಾರದೆಂದು ಎಲ್ಲೂ ಬರೆದಿಲ್ಲ. ಆಯ್ಕೆ ಅಂಕಗಳ ಮೇಲೆ. 'ಹೊಲಿಗೆ ಕೆಟ್ಟ ಕಸುಬಲ್ಲ. ಅವಳಿಗೆ ಅದು ಇಷ್ಟವಿದ್ದರೆ ಅದನ್ನೇ ಬರೆಯೋಣ. ಇಷ್ಟ ಯಾವುದು ಅಂತ ಅವಳನ್ನೇ ಕೇಳು' ಎಂದೆ.

ಅಪ್ಪ ಮಗಳ ಕಡೆ ತಿರುಗಿ, 'ಕಂಬ ಹತ್ತಬೇಕಾಗುತ್ತಲ್ಲವ್ವ?' ಎಂದ.

ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. 'ಆಲೂಗಡ್ಡೆಗೆ ನೀರು ಬಿಡೋವಾಗ ಪಂಪ್‌ಸೆಟ್ ನಿಂತೋಗಿ, ಸ್ಟಾರ್ಟರ್ ಬಿಚ್ಚಿ ಸರಿ ಮಾಡಿದ್ದು ಯಾರಪ್ಪ?'

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು, 'ಇವಳೇ ಮೇಷ್ಟ್ರೇ. ಪೇಟೆಯಿಂದ ಮೆಕ್ಯಾನಿಕ್ ಬರೋ ಹೊತ್ತಿಗೆ ನೀರು ಹರೀತಿತ್ತು' ಎಂದ.

ಹಾಳೆಯನ್ನು ಅವಳ ಮುಂದೆ ತಳ್ಳಿ, ಮೊದಲ ಆಯ್ಕೆಯ ಜಾಗದಲ್ಲಿ ನೀನೇ ಬರೆ ಎಂದೆ. ಬರೆದಳು. ಸೀಟು ಸಿಕ್ಕಿತು. ಈಗ ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನಮ್ಮ ಮನೆಯ ಮುಂದೆ ಹಾದುಹೋಗುತ್ತಾಳೆ. ಅವಳ ತರಗತಿಯಲ್ಲಿ ಹುಡುಗಿಯರು ಮೂವರೇ ಅಂತೆ. 'ಎಲ್ಲಿ ಕೂರ್ತೀಯವ್ವ?' ಎಂದು ಒಂದು ದಿನ ಕೇಳಿದೆ. ಇದೇಕೆ ಕೇಳಿದರು ಎಂಬಂತೆ ಅವಳು ನನ್ನ ಮುಖ ನೋಡಿದಳು.

'ಎರಡನೇ ಬೆಂಚು ಸಾರ್' ಎಂದಳು.